ಕ್ಲಾಸ್ ಬರೆಯಲು ಬಂತು, ಮುಂದೇನು? ಸರ್ವರ್ ಆ್ಯಪ್‌ಗಳಿಗಾಗಿ ಆಬ್ಜೆಕ್ಟ್ ಓರಿಯೆಂಟೆಡ್ ಕಲಿಕೆಯ ಮುಂದಿನ ಹಂತಗಳು

"ಕ್ಲಾಸ್ ಗೊತ್ತು, ಆಬ್ಜೆಕ್ಟ್ ಗೊತ್ತು, ಇನ್‌ಹೆರಿಟೆನ್ಸ್ ಓದಿದ್ದೇನೆ. ಆದರೆ ಫ್ರೇಮ್‌ವರ್ಕ್ ಒಳಗಿನ ಒಂದು ಫೈಲ್ ತೆರೆದರೆ ತಲೆಬುಡ ತಿಳಿಯಲ್ಲ. ಮುಂದೆ ಏನು ಕಲಿಯಲಿ?" ಓದುಗರು ಬೇರೆ ಬೇರೆ ಮಾತಿನಲ್ಲಿ ಇದೊಂದನ್ನೇ ಕೇಳುತ್ತಿದ್ದೀರಿ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಮುಂದಿನ ಹಂತ ಅಂದ ಕೂಡಲೇ ಹೆಚ್ಚಿನವರು ಹೊಸ ಸಿಂಟ್ಯಾಕ್ಸ್ ಹುಡುಕಲು ಹೋಗುತ್ತಾರೆ. ಸಿಂಟ್ಯಾಕ್ಸ್ ಒಂದೆರಡು ವಾರದಲ್ಲಿ ಬಂದುಬಿಡುತ್ತದೆ. ಸಮಯ ಬೇಡುವುದು ಎರಡು ಪ್ರಶ್ನೆಗಳು. ಈ ಆಬ್ಜೆಕ್ಟ್‌ಗೆ ಯಾರ್ಯಾರ ಬಗ್ಗೆ ಗೊತ್ತಿರಬೇಕು? ಇದು ಎಷ್ಟು ಹೊತ್ತು ಬದುಕಿರಬೇಕು? ಸರ್ವರ್‌ನಲ್ಲಿ ಎರಡನೇ ಪ್ರಶ್ನೆಗೆ ತೂಕ ಜಾಸ್ತಿ, ಯಾಕೆಂದರೆ ಅಲ್ಲಿ ನಿಮ್ಮ ಕೋಡ್ ಒಬ್ಬರಿಗಾಗಿ ಓಡುವುದಿಲ್ಲ, ಒಂದೇ ಕ್ಷಣದಲ್ಲಿ ನೂರು ಜನರಿಗಾಗಿ ಓಡುತ್ತಿರುತ್ತದೆ. ಕೆಳಗಿನ ಎಲ್ಲ ಹಂತಗಳೂ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ.

ಉದಾಹರಣೆಗಳನ್ನು ಪಿಎಚ್‌ಪಿ ಭಾಷೆಯಿಂದ ತೆಗೆದುಕೊಂಡಿದ್ದೇನೆ. ಜಾವಾ, ಸಿ ಶಾರ್ಪ್, ಪೈಥಾನ್ ಬಳಸುವವರಿಗೂ ಹಂತಗಳು ಇವೇ. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಮೊದಲು ಏನೇನು ಬೇಕು

ಪಿಎಚ್‌ಪಿ 8.1 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಲಿ. ಪಿಎಚ್‌ಪಿಗೆ ಗಟ್ಟಿಯಾದ ಆಬ್ಜೆಕ್ಟ್ ವ್ಯವಸ್ಥೆ ಬಂದದ್ದು 2004ರಲ್ಲಿ, 5ನೇ ಆವೃತ್ತಿಯ ಜೊತೆ. ಆಮೇಲೂ ಭಾಷೆ ತುಂಬಾ ಬದಲಾಗಿದೆ. 2020ರ 8.0 ಆವೃತ್ತಿಯಲ್ಲಿ ಕನ್‌ಸ್ಟ್ರಕ್ಟರ್ ಬರೆಯುವ ರೀತಿ ಚಿಕ್ಕದಾಯಿತು. 2021ರ 8.1ರಲ್ಲಿ ಈನಮ್ ಮತ್ತು ರೀಡ್‌ಓನ್ಲಿ ಬಂದವು. ಈನಮ್ ಅಂದರೆ ಇಂತಿಷ್ಟೇ ಬೆಲೆಗಳು (ವ್ಯಾಲ್ಯೂ) ಅಂತ ಮೊದಲೇ ಕಟ್ಟಿಟ್ಟ ಟೈಪ್. ರೀಡ್‌ಓನ್ಲಿ ಅಂದರೆ ಒಮ್ಮೆ ತುಂಬಿದ ಮೇಲೆ ಬದಲಾಯಿಸಲು ಬಾರದ ಪ್ರಾಪರ್ಟಿ. ಹಳೆಯ ಪಾಠ ಹಿಡಿದು ಕಲಿತರೆ ಇವೆರಡೂ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇದರ ಜೊತೆ ನಾಲ್ಕು ಸಾಧನ ಹಾಕಿಕೊಳ್ಳಿ. ಪ್ಯಾಕೇಜ್ ತರಲು ಕಂಪೋಸರ್. ಟೆಸ್ಟ್ ಬರೆಯಲು ಪಿಎಚ್‌ಪಿ ಯೂನಿಟ್. ಕೋಡ್ ಓಡಿಸದೆಯೇ ಟೈಪ್ ತಪ್ಪು ಹಿಡಿಯಲು ಪಿಎಚ್‌ಪಿ ಸ್ಟ್ಯಾನ್. ಕೋಡ್ ಓಡುತ್ತಿರುವಾಗಲೇ ಒಂದೊಂದು ಸಾಲಿನಲ್ಲಿ ನಿಲ್ಲಿಸಿ ನೋಡಲು ಎಕ್ಸ್‌ಡೀಬಗ್. ಎಸ್‌ಕ್ಯೂಎಲ್‌ನಲ್ಲಿ ಜಾಯಿನ್ ಬರೆಯುವಷ್ಟು ಕೈ ಓಡಬೇಕು. ಗಿಟ್ ಬಳಸಿ ಗೊತ್ತಿರಬೇಕು.

1. ಮೊದಲು ಒಂದು ಸಣ್ಣ ಆ್ಯಪ್ ಬರೆಯಿರಿ, ಕೆಟ್ಟದಾಗಿದ್ದರೂ ಪರವಾಗಿಲ್ಲ

ಒಂದು ಗ್ರಂಥಾಲಯ ಅಂದುಕೊಳ್ಳಿ. ಸದಸ್ಯರು ಬಂದು ಪುಸ್ತಕ ಪಡೆಯುತ್ತಾರೆ. ಒಬ್ಬರ ಬಳಿ ಒಮ್ಮೆಗೆ 5 ಪುಸ್ತಕಕ್ಕಿಂತ ಜಾಸ್ತಿ ಇರುವಂತಿಲ್ಲ. 14 ದಿನದಲ್ಲಿ ವಾಪಸ್ ಕೊಡಬೇಕು, ದಾಟಿದರೆ ದಂಡ. ಪುಸ್ತಕ ಕೊಟ್ಟ ಕೂಡಲೇ ಸದಸ್ಯರಿಗೆ ಒಂದು ಮೇಲ್ ಹೋಗಬೇಕು. ಇಷ್ಟೇ.

ಇದನ್ನು ಫ್ರೇಮ್‌ವರ್ಕ್ ಇಲ್ಲದೆ, ನಿಮಗೆ ಬಂದ ಹಾಗೆ ಬರೆದುಬಿಡಿ. ಒಂದೇ ಫೈಲಿನಲ್ಲಿ ಎಲ್ಲವೂ ಇದ್ದರೂ ಸರಿ. ಓಡಬೇಕು, ಅಷ್ಟೇ. ಓಡಿದ ಮೇಲೆ ಗಿಟ್‌ಗೆ ಹಾಕಿ. ಮುಂದಿನ ಪ್ರತಿ ಹಂತದಲ್ಲೂ ಇದೇ ಆ್ಯಪ್ ಅನ್ನು ತಿದ್ದುತ್ತಾ ಹೋಗುತ್ತೀರಿ.

ಈ ಹಂತ ಬಿಟ್ಟು ಮುಂದೆ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಇಂಟರ್‌ಫೇಸ್ ಯಾಕೆ ಬೇಕು ಅನ್ನುವುದು, ಅದಿಲ್ಲದೆ ಒಮ್ಮೆ ಒದ್ದಾಡಿದವರಿಗೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಒದ್ದಾಡದವರಿಗೆ ಐದು ಪುಸ್ತಕ ಓದಿದರೂ ಅದು ಸುಮ್ನೆ ಹೆಚ್ಚುವರಿ ಫೈಲ್ ಥರ ಕಾಣುತ್ತದೆ.

2. ಯಾವುದು ಬದಲಾಗಬಹುದು, ಯಾವುದು ಬದಲಾಗಬಾರದು

ಪಿಎಚ್‌ಪಿಯಲ್ಲಿ ಒಂದು ಆಬ್ಜೆಕ್ಟ್ ಅನ್ನು ಇನ್ನೊಂದು ವೇರಿಯೇಬಲ್‌ಗೆ ಕೊಟ್ಟರೆ ನಕಲು ಆಗುವುದಿಲ್ಲ. ಎರಡೂ ವೇರಿಯೇಬಲ್‌ಗಳು ಒಂದೇ ಆಬ್ಜೆಕ್ಟ್ ಕಡೆ ಬೆರಳು ತೋರಿಸುತ್ತಿರುತ್ತವೆ. ಓದುವಾಗ ಸುಲಭ. ಅದರಿಂದ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ.

ಗ್ರಂಥಾಲಯದ ಆ್ಯಪ್‌ನಲ್ಲಿ ಪುಸ್ತಕ ಕೊಟ್ಟ ದಿನ ಮತ್ತು ಗಡುವು ಅಂತ ಎರಡು ತಾರೀಖು ಬೇಕು. ಪುಸ್ತಕ ಕೊಟ್ಟದ್ದು ಮಾರ್ಚ್ 1ಕ್ಕೆ. ನೀವು ಡೇಟ್‌ಟೈಮ್ ಕ್ಲಾಸ್‌ನ ಒಂದು ಆಬ್ಜೆಕ್ಟ್ ಮಾಡಿ 'ಕೊಟ್ಟ ದಿನ' ಅಂತ ಇಟ್ಟಿರಿ. ಮುಂದಿನ ಸಾಲಿನಲ್ಲಿ, ಗಡುವು ಅಂದರೆ ಕೊಟ್ಟ ದಿನಕ್ಕೆ ಮಾಡಿಫೈ ಮೆಥಡ್ ಕರೆದು 14 ದಿನ ಸೇರಿಸಿದ್ದು ಅಂತ ಬರೆದಿರಿ. ಗಡುವು ಮಾರ್ಚ್ 15 ಅಂತ ಸರಿಯಾಗಿಯೇ ಬರುತ್ತದೆ. ಆದರೆ ಈಗ ಕೊಟ್ಟ ದಿನವನ್ನು ಪ್ರಿಂಟ್ ಮಾಡಿ ನೋಡಿ. ಅದೂ ಮಾರ್ಚ್ 15! ಮಾಡಿಫೈ ಹೊಸ ತಾರೀಖು ಮಾಡಲಿಲ್ಲ, ಇದ್ದ ಆಬ್ಜೆಕ್ಟ್ ಅನ್ನೇ ತಿದ್ದಿ ಅದನ್ನೇ ವಾಪಸ್ ಕೊಟ್ಟಿತು. ಎಲ್ಲೂ ಎರರ್ ಬರಲಿಲ್ಲ. ಡೇಟಾಬೇಸ್‌ಗೆ ತಪ್ಪು ತಾರೀಖು ಹೋಗಿ ಕೂತಿತು.

ನಾನು ಶುರುವಿನಲ್ಲಿ ಬರೆದ ಒಂದು ಆ್ಯಪ್‌ನಲ್ಲಿ ಇದೇ ಆಗಿತ್ತು. ಹಿಡಿಯಲು ಎರಡು ದಿನ ಬೇಕಾಯಿತು, ಯಾಕೆಂದರೆ ಗಡುವು ಸರಿ ಇದ್ದುದರಿಂದ ಆ ಸಾಲಿನ ಮೇಲೆ ಅನುಮಾನವೇ ಬರಲಿಲ್ಲ.

ಪರಿಹಾರ 2013ರ 5.5 ಆವೃತ್ತಿಯಿಂದಲೂ ಪಿಎಚ್‌ಪಿಯಲ್ಲೇ ಇದೆ: ಡೇಟ್‌ಟೈಮ್ ಇಮ್ಯೂಟಬಲ್ ಎಂಬ ಕ್ಲಾಸ್. ಇಮ್ಯೂಟಬಲ್ ಅಂದರೆ ಹುಟ್ಟಿದ ಮೇಲೆ ಬದಲಾಗದ್ದು. ಇದರಲ್ಲಿ ಮಾಡಿಫೈ ಕರೆದರೆ ಹಳೆಯದು ಹಾಗೇ ಉಳಿದು ಹೊಸದೊಂದು ಸಿಗುತ್ತದೆ.

ಇದನ್ನೇ ನಿಮ್ಮ ಸ್ವಂತ ಕ್ಲಾಸ್‌ಗಳಿಗೂ ತನ್ನಿ. ಗಡುವು, ಇಮೇಲ್ ವಿಳಾಸ, ಪುಸ್ತಕದ ಐಎಸ್‌ಬಿಎನ್, ದಂಡದ ಮೊತ್ತ, ಇವೆಲ್ಲ ಬರೀ ಸ್ಟ್ರಿಂಗ್ ಅಥವಾ ನಂಬರ್ ಆಗಿರುವ ಬದಲು ಪುಟ್ಟ ಪುಟ್ಟ ಕ್ಲಾಸ್ ಆಗಲಿ. ಇವಕ್ಕೆ ವ್ಯಾಲ್ಯೂ ಆಬ್ಜೆಕ್ಟ್ ಅನ್ನುತ್ತಾರೆ. ಒಳಗಿನ ಬೆಲೆ ಒಂದೇ ಆಗಿದ್ದರೆ ಎರಡೂ ಒಂದೇ ಅಂತ ಲೆಕ್ಕ. ಸದಸ್ಯ ಹಾಗಲ್ಲ. ಒಂದೇ ಹೆಸರಿನ ಇಬ್ಬರು ಸದಸ್ಯರಿರಬಹುದು, ಅವರು ಬೇರೆ ಬೇರೆಯೇ. ಇಂಥದ್ದಕ್ಕೆ ಎಂಟಿಟಿ ಅಂತ ಹೆಸರು, ಇದಕ್ಕೆ ಒಂದು ಐಡಿ ಇರುತ್ತದೆ.

ಇಮೇಲ್ ಕ್ಲಾಸ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ವಿಳಾಸ ಸರಿ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಎಕ್ಸೆಪ್ಶನ್ ಎಸೆಯಿರಿ. ಆಮೇಲೆ ನಿಮ್ಮ ಆ್ಯಪ್‌ನ ಯಾವ ಮೂಲೆಯಲ್ಲಿ ಇಮೇಲ್ ಆಬ್ಜೆಕ್ಟ್ ಕಂಡರೂ ಅದರ ರೂಪ ಸರಿಯಾಗಿದೆ ಅಂತ ಕಣ್ಣುಮುಚ್ಚಿ ನಂಬಬಹುದು. ಹತ್ತು ಕಡೆ ಹತ್ತು ಇಫ್ ಬರೆಯುವುದು ತಪ್ಪುತ್ತದೆ. ದಂಡದ ಮೊತ್ತವನ್ನು ಮಾತ್ರ ಫ್ಲೋಟ್‌ನಲ್ಲಿ ಇಡಬೇಡಿ. 0.1 ಮತ್ತು 0.2 ಕೂಡಿಸಿದರೆ ಕಂಪ್ಯೂಟರ್‌ನಲ್ಲಿ ಸರಿಯಾಗಿ 0.3 ಬರುವುದಿಲ್ಲ. ನಾಣ್ಯದ ಅತಿ ಸಣ್ಣ ಘಟಕದಲ್ಲಿ, ಪೂರ್ಣಾಂಕವಾಗಿ ಇಡಿ.

ಎಚ್ಚರಿಕೆ: ರೀಡ್‌ಓನ್ಲಿ ಅಂತ ಬರೆದ ಮಾತ್ರಕ್ಕೆ ಎಲ್ಲ ಭದ್ರವಾಯಿತು ಅಂದುಕೊಳ್ಳಬೇಡಿ. ಆ ಪ್ರಾಪರ್ಟಿಗೆ ಬೇರೆ ಆಬ್ಜೆಕ್ಟ್ ತುಂಬಲು ಬರುವುದಿಲ್ಲ, ನಿಜ. ಆದರೆ ಒಳಗಿರುವ ಆಬ್ಜೆಕ್ಟ್ ತಾನೇ ಬದಲಾಗುವ ಜಾತಿಯದಾಗಿದ್ದರೆ ಅದು ಬದಲಾಗುತ್ತಲೇ ಇರುತ್ತದೆ. ಕ್ಲೋನ್ ಕೂಡ ಹಾಗೆಯೇ, ಮೇಲಿನ ಪದರ ಮಾತ್ರ ನಕಲಾಗುತ್ತದೆ.

3. ನಿಯಮ ಎಲ್ಲಿ ಕೂರಬೇಕು

ಸದಸ್ಯ ಕ್ಲಾಸ್‌ನಲ್ಲಿ ಬರೀ ಗೆಟರ್, ಸೆಟರ್ (ಪ್ರಾಪರ್ಟಿಯನ್ನು ಓದುವ, ತುಂಬುವ ಮೆಥಡ್) ತುಂಬಿಸಿ, '5 ಪುಸ್ತಕದ ಮಿತಿ' ಎಂಬ ನಿಯಮವನ್ನು ಕಂಟ್ರೋಲರ್‌ನಲ್ಲಿ ಬರೆಯುವುದು ತುಂಬಾ ಜನರ ಅಭ್ಯಾಸ. ಕಂಟ್ರೋಲರ್ ಅಂದರೆ ಬಳಕೆದಾರರ ಕಡೆಯಿಂದ ಬಂದ ಕೋರಿಕೆ (ರಿಕ್ವೆಸ್ಟ್) ಪಡೆದು ಉತ್ತರ ಕೊಡುವ ಕ್ಲಾಸ್. ನಾಳೆ ಮೊಬೈಲ್ ಆ್ಯಪ್‌ಗಾಗಿ ಇನ್ನೊಂದು ಕಂಟ್ರೋಲರ್ ಬಂದರೆ ಅಲ್ಲಿ ಈ ನಿಯಮ ಮರೆತುಹೋಗುತ್ತದೆ. ಅದರ ಬದಲು ಸದಸ್ಯ ಕ್ಲಾಸ್‌ಗೇ 'ಪುಸ್ತಕ ಪಡೆ' ಎಂಬ ಮೆಥಡ್ ಕೊಡಿ, ಮಿತಿಯನ್ನು ಅದರೊಳಗೇ ನೋಡಿ. ಹೊರಗಿನವರು ಪಟ್ಟಿಯನ್ನು ತೆಗೆದುಕೊಂಡು ಅದಕ್ಕೆ ನೇರವಾಗಿ ಸೇರಿಸುವ ದಾರಿಯನ್ನೇ ಮುಚ್ಚಿ.

ಹೀಗೆ ಮಾಡಿದ ಮೇಲೆ ಸೆಟರ್‌ಗಳನ್ನು ಒಂದೊಂದಾಗಿ ಅಳಿಸುತ್ತಾ ಬನ್ನಿ. ಎಷ್ಟು ಸೆಟರ್ ಬೇಕೇ ಆಗಿರಲಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

4. ಇಂಟರ್‌ಫೇಸ್, ಮತ್ತು ಬೇಕಾದ್ದನ್ನು ಹೊರಗಿನಿಂದ ಪಡೆಯುವುದು

ಇಡೀ ಲೇಖನದಲ್ಲಿ ಒಂದೇ ಹಂತಕ್ಕೆ ಸಮಯ ಇದೆ ಅಂದರೆ ಇದನ್ನು ಆರಿಸಿಕೊಳ್ಳಿ.

'ಸಾಲ ಸೇವೆ' ಎಂಬ ಕ್ಲಾಸ್ ಪುಸ್ತಕ ಕೊಡುವ ಕೆಲಸ ಮಾಡುತ್ತದೆ ಅನ್ನಿ. ಸದ್ಯಕ್ಕೆ ಅದರ ಒಳಗೇ ಡೇಟಾಬೇಸ್ ಕನೆಕ್ಷನ್ ತೆರೆಯುತ್ತೀರಿ, ಒಳಗೇ ಮೇಲ್ ಕಳಿಸುವ ಆಬ್ಜೆಕ್ಟ್ ಮಾಡುತ್ತೀರಿ, ಒಳಗೇ ಇವತ್ತಿನ ತಾರೀಖು ಕೇಳುತ್ತೀರಿ. ಈಗ '14 ದಿನ ದಾಟಿದರೆ ದಂಡ ಬೀಳುತ್ತದಾ' ಅಂತ ಪರೀಕ್ಷಿಸಿ ನೋಡಿ. ನಿಜವಾದ ಡೇಟಾಬೇಸ್ ಬೇಕು, ನಿಜವಾದ ಮೇಲ್ ಹೋಗುತ್ತದೆ, ಮತ್ತು 15 ದಿನ ಕಾಯಬೇಕು! ಟೆಸ್ಟ್ ಬರೆಯುವುದು ಕಷ್ಟ ಅಂತ ಅನಿಸುವ ಕಡೆಯೆಲ್ಲ ಸಾಮಾನ್ಯವಾಗಿ ತೊಂದರೆ ಇದೇ.

ಒಂದು ಕ್ಲಾಸ್ ತನ್ನ ಕೆಲಸಕ್ಕೆ ನೆಚ್ಚಿಕೊಂಡ ಬೇರೆ ಆಬ್ಜೆಕ್ಟ್‌ಗೆ ಡಿಪೆಂಡೆನ್ಸಿ ಅನ್ನುತ್ತಾರೆ. ಅದನ್ನು ಒಳಗೆ ತಯಾರಿಸದೆ ಕನ್‌ಸ್ಟ್ರಕ್ಟರ್ ಮೂಲಕ ಹೊರಗಿನಿಂದ ಪಡೆಯುವುದೇ ಡಿಪೆಂಡೆನ್ಸಿ ಇಂಜೆಕ್ಷನ್. ಹೆಸರು ದೊಡ್ಡದು, ವಿಷಯ ಇಷ್ಟೇ. ಕೆಲಸವನ್ನು ಈ ಕ್ರಮದಲ್ಲಿ ಮಾಡಿ:

ಅ) ಸಾಲ ಸೇವೆಯ ಒಳಗೆ 'ನ್ಯೂ' ಅಂತ ಬರೆದ ಕಡೆಯೆಲ್ಲ ಗುರುತು ಹಾಕಿ. ವ್ಯಾಲ್ಯೂ ಆಬ್ಜೆಕ್ಟ್ ಮತ್ತು ಎಂಟಿಟಿಗಳನ್ನು ಹಾಗೇ ಬಿಡಿ. ಹೊರಜಗತ್ತನ್ನು ಮುಟ್ಟುವವು ಮಾತ್ರ ನಮಗೆ ಬೇಕು: ಡೇಟಾಬೇಸ್, ಮೇಲ್, ಗಡಿಯಾರ, ಫೈಲ್, ಬೇರೆ ಸರ್ವರ್. ಗಡಿಯಾರಕ್ಕೆ ನ್ಯೂ ಕಾಣದಿರಬಹುದು, ಟೈಮ್ ಅಥವಾ ಡೇಟ್ ಫಂಕ್ಷನ್ ಕರೆದಿದ್ದರೂ ಗುರುತು ಹಾಕಿ.

ಆ) ಪ್ರತಿಯೊಂದಕ್ಕೂ ಒಂದು ಇಂಟರ್‌ಫೇಸ್ ಬರೆಯಿರಿ. ಇಂಟರ್‌ಫೇಸ್ ಅಂದರೆ ಏನು ಮಾಡಬಲ್ಲದು ಎಂಬ ಒಪ್ಪಂದ, ಹೇಗೆ ಮಾಡುತ್ತದೆ ಅನ್ನುವುದು ಅದರಲ್ಲಿ ಇರುವುದಿಲ್ಲ. ಮುಖ್ಯವಾದ ಮಾತು: ಇದನ್ನು ಬಳಸುವವರ ಕಡೆಯಿಂದ ಬರೆಯಿರಿ. 'ಸದಸ್ಯರನ್ನು ಹುಡುಕು, ಸದಸ್ಯರನ್ನು ಉಳಿಸು' ಎಂಬ ಎರಡು ಮೆಥಡ್ ಸಾಲ ಸೇವೆಗೆ ಸಾಕು. ಅದರಲ್ಲಿ ಎಸ್‌ಕ್ಯೂಎಲ್ ಅಥವಾ ಟೇಬಲ್ ಹೆಸರು ನುಸುಳಿದರೆ ಒಪ್ಪಂದ ಸೋರಿದಂತೆ.

ಇ) ಕನ್‌ಸ್ಟ್ರಕ್ಟರ್‌ನಲ್ಲಿ ಆ ಇಂಟರ್‌ಫೇಸ್‌ಗಳನ್ನು ಕೇಳಿ.

ಈ) ಟೆಸ್ಟ್‌ಗಾಗಿ ಪ್ರತಿ ಇಂಟರ್‌ಫೇಸ್‌ಗೂ ಒಂದು ಸರಳ ಕ್ಲಾಸ್ ಬರೆಯಿರಿ. ಸದಸ್ಯರನ್ನು ಒಂದು ಅರೇಯಲ್ಲಿ ಇಡುವುದು. ಮೇಲ್ ಕಳಿಸುವ ಬದಲು ಪಟ್ಟಿಗೆ ಸೇರಿಸಿಕೊಳ್ಳುವುದು. ನಾವು ಹೇಳಿದ ತಾರೀಖನ್ನೇ ಹೇಳುವ ಗಡಿಯಾರ. ಗಡಿಯಾರಕ್ಕಂತೂ ಪಿಎಸ್‌ಆರ್ 20 ಎಂಬ ಸಿದ್ಧ ಒಪ್ಪಂದವೇ ಇದೆ. ಅದರಲ್ಲಿ 'ನೌ' ಎಂಬ ಒಂದೇ ಮೆಥಡ್, ಅದು ಕೊಡುವುದು ನಾವು ಮೇಲೆ ನೋಡಿದ ಇಮ್ಯೂಟಬಲ್ ತಾರೀಖು. ಪಿಎಸ್‌ಆರ್ ಅಂದರೆ ಬೇರೆ ಬೇರೆ ಪಿಎಚ್‌ಪಿ ಯೋಜನೆಗಳವರು ಕೂಡಿ ಒಪ್ಪಿಕೊಂಡ ನಿಯಮಗಳ ಸರಣಿ.

ಈಗ ಅದೇ ಟೆಸ್ಟ್ ಬರೆಯಿರಿ. ಗಡಿಯಾರಕ್ಕೆ ಮಾರ್ಚ್ 1 ಅಂತ ಹೇಳಿ, ಪುಸ್ತಕ ಕೊಡಿ. ಗಡಿಯಾರವನ್ನು ಮಾರ್ಚ್ 16ಕ್ಕೆ ತಿರುಗಿಸಿ, ವಾಪಸ್ ಪಡೆಯಿರಿ. ದಂಡ ಬಿತ್ತಾ ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಈ ಟೆಸ್ಟ್ ಮೊದಲ ಸಲ ಹಸಿರಾದಾಗ ಆಗುವ ಖುಷಿ ಬೇರೆಯೇ, ಇಲ್ಲಿಂದ ಮುಂದೆ ಕಲಿಕೆಗೆ ಯಾರೂ ನಿಮ್ಮನ್ನು ತಳ್ಳಬೇಕಿಲ್ಲ.

ಎಚ್ಚರಿಕೆ: ಪ್ರತಿ ಕ್ಲಾಸ್‌ಗೂ ಒಂದು ಇಂಟರ್‌ಫೇಸ್ ಬೇಡ. ಗಡುವು ಲೆಕ್ಕ ಹಾಕುವ ಕ್ಲಾಸ್‌ಗೆ ಇಂಟರ್‌ಫೇಸ್ ಯಾಕೆ, ಅಲ್ವಾ? ಅದು ಹೊರಜಗತ್ತನ್ನು ಮುಟ್ಟುವುದಿಲ್ಲ, ಅದಕ್ಕೆ ಎರಡನೇ ರೂಪವೂ ಇಲ್ಲ. ಇನ್ನೊಂದು: ಕನ್‌ಸ್ಟ್ರಕ್ಟರ್‌ನಲ್ಲಿ ಎಂಟು, ಒಂಬತ್ತು ಡಿಪೆಂಡೆನ್ಸಿ ಬಂದರೆ ಆ ಕ್ಲಾಸ್ ಎರಡು ಮೂರು ಕೆಲಸ ಹೊತ್ತುಕೊಂಡಿದೆ ಅಂತ ಅರ್ಥ. ಅದನ್ನು ಒಡೆಯಿರಿ.

5. ಇನ್‌ಹೆರಿಟೆನ್ಸ್ ಮೇಲೆ ಕೈ ಬಿಗಿ ಹಿಡಿಯಿರಿ

ಪಾಠಗಳಲ್ಲಿ ಇನ್‌ಹೆರಿಟೆನ್ಸ್ ಮೊದಲೇ ಬರುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಜಾಸ್ತಿ ಬಳಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ವೆಬ್ ಆ್ಯಪ್‌ಗಳಲ್ಲಿ ಅದರಿಂದ ಆಗುವ ಹಾನಿಯೇ ಜಾಸ್ತಿ. 'ಬೇಸ್ ಕಂಟ್ರೋಲರ್' ಅಂತ ಒಂದು ಮಾಡಿ, ಅದಕ್ಕೆ ಮೇಲ್ ಸೇರಿಸಿ, ಲಾಗ್ ಸೇರಿಸಿ, ಅನುಮತಿ ಪರೀಕ್ಷೆ ಸೇರಿಸಿ, ಕೊನೆಗೆ ಒಂದು ಸಾಲು ಬದಲಾಯಿಸಿದರೆ ನಲವತ್ತು ಕಂಟ್ರೋಲರ್ ಅಲುಗಾಡುತ್ತವೆ.

ಬಾರ್ಬರಾ ಲಿಸ್ಕೋವ್ 1987ರಲ್ಲಿ ಒಂದು ಭಾಷಣದಲ್ಲಿ ಮುಂದಿಟ್ಟ ವಿಚಾರ ಇಲ್ಲಿ ಕೈಗೆ ಬರುತ್ತದೆ. ತಾಯಿ ಕ್ಲಾಸ್ ಕೆಲಸ ಮಾಡುವ ಜಾಗದಲ್ಲಿ ಮಗು ಕ್ಲಾಸ್ ಇಟ್ಟರೂ ಪ್ರೋಗ್ರಾಂ ಸರಿಯಾಗಿಯೇ ನಡೆಯಬೇಕು. ಸದಸ್ಯ ಕ್ಲಾಸ್‌ನಿಂದ 'ಅತಿಥಿ ಸದಸ್ಯ' ಅಂತ ಒಂದನ್ನು ಹುಟ್ಟಿಸಿ, ಅವರು ಪುಸ್ತಕ ಪಡೆಯುವಂತಿಲ್ಲ ಅಂತ 'ಪುಸ್ತಕ ಪಡೆ' ಮೆಥಡ್‌ನಲ್ಲಿ ಎಕ್ಸೆಪ್ಶನ್ ಎಸೆದರೆ ಈ ಮಾತು ಮುರಿದಂತೆ. ಸದಸ್ಯ ಬರುತ್ತಾರೆ ಅಂತ ನಂಬಿದ ಕೋಡ್ ಎಲ್ಲೋ ಒಂದು ಕಡೆ ಬೀಳುತ್ತದೆ. ಮೆಥಡ್‌ನ ಟೈಪ್ ಸರಿ ಇದೆಯಾ ಅಂತ ಪಿಎಚ್‌ಪಿ ನೋಡುತ್ತದೆ. ನಡವಳಿಕೆ ಸರಿ ಇದೆಯಾ ಅಂತ ನೋಡಲು ಅದಕ್ಕೆ ಆಗುವುದಿಲ್ಲ.

ಬದಲಿಗೆ ಜೋಡಣೆ ಕಲಿಯಿರಿ. ಅಭ್ಯಾಸಕ್ಕೆ ಒಂದು: ಮೇಲ್ ಹೋದಾಗಲೆಲ್ಲ ಲಾಗ್ ಬರೆಯಬೇಕು. ಮೇಲ್ ಕ್ಲಾಸ್ ತಿದ್ದಬೇಡಿ, ಅದರಿಂದ ಹೊಸ ಮಗುವನ್ನೂ ಹುಟ್ಟಿಸಬೇಡಿ. ಅದೇ ಇಂಟರ್‌ಫೇಸ್ ಇರುವ ಇನ್ನೊಂದು ಕ್ಲಾಸ್ ಬರೆಯಿರಿ. ಕನ್‌ಸ್ಟ್ರಕ್ಟರ್‌ನಲ್ಲಿ ಅದು ಅಸಲಿ ಮೇಲ್ ಆಬ್ಜೆಕ್ಟ್ ಅನ್ನು ಪಡೆಯಲಿ, ಮೊದಲು ಲಾಗ್ ಬರೆದು ಆಮೇಲೆ ಕೆಲಸವನ್ನು ಒಳಗಿನದಕ್ಕೆ ದಾಟಿಸಲಿ. ಇದಕ್ಕೆ ಡೆಕೊರೇಟರ್ ಅನ್ನುತ್ತಾರೆ. ಸಾಲ ಸೇವೆಗೆ ಏನೂ ಬದಲಾದದ್ದು ಗೊತ್ತೇ ಆಗುವುದಿಲ್ಲ.

ಟ್ರೇಟ್, ಅಂದರೆ ಹಲವು ಕ್ಲಾಸ್‌ಗಳಿಗೆ ಸೇರಿಸಬಹುದಾದ ಮೆಥಡ್‌ಗಳ ಗುಂಪು, ಅದರ ಬಗ್ಗೆಯೂ ಕೇಳುತ್ತೀರಿ. ಅದು 2012ರಿಂದ ಪಿಎಚ್‌ಪಿಯಲ್ಲಿದೆ. ಕೋಡ್ ಹಂಚಿಕೊಳ್ಳಲು ಚೆನ್ನ, ಆದರೆ ಡಿಪೆಂಡೆನ್ಸಿಯನ್ನು ಬಚ್ಚಿಡುತ್ತದೆ. ಕಡಿಮೆ ಬಳಸಿ.

6. ಕಂಟೇನರ್ ಮತ್ತು ಆಬ್ಜೆಕ್ಟ್‌ನ ಆಯಸ್ಸು

ಡಿಪೆಂಡೆನ್ಸಿಗಳನ್ನೆಲ್ಲ ಹೊರಗೆ ತಂದ ಮೇಲೆ ಅವನ್ನು ಜೋಡಿಸುವವರು ಯಾರು? ಮೊದಲು ಕೈಯಲ್ಲೇ, ಒಂದೇ ಫೈಲಿನಲ್ಲಿ ಜೋಡಿಸಿ. ಆ ಫೈಲ್ ಉದ್ದವಾದಾಗ ಕಂಟೇನರ್ ತನ್ನಿ. ಯಾವ ಇಂಟರ್‌ಫೇಸ್ ಕೇಳಿದರೆ ಯಾವ ಆಬ್ಜೆಕ್ಟ್ ಕೊಡಬೇಕು ಅಂತ ಬಲ್ಲ ಉಗ್ರಾಣಿ ಅದು. ಪಿಎಸ್‌ಆರ್ 11 ಪ್ರಕಾರ ಅದಕ್ಕೆ ಬೇಕಾದದ್ದು ಎರಡೇ ಮೆಥಡ್: 'ಗೆಟ್' ಮತ್ತು 'ಹ್ಯಾಸ್'. ಒಂದನ್ನು ನೀವೇ ಬರೆಯಿರಿ. ನಲವತ್ತು, ಐವತ್ತು ಸಾಲಿನಲ್ಲಿ ಮುಗಿಯುತ್ತದೆ, ಮತ್ತು ಲಾರಾವೆಲ್, ಸಿಂಫನಿ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್‌ಗಳಲ್ಲಿ ಮಾಯಾಜಾಲದಂತೆ ಕಂಡದ್ದು ಬಿಡಿಸಿಕೊಳ್ಳುತ್ತದೆ. ಅವು ಕನ್‌ಸ್ಟ್ರಕ್ಟರ್‌ನಲ್ಲಿ ಬರೆದ ಟೈಪ್‌ಗಳನ್ನು ರಿಫ್ಲೆಕ್ಷನ್ ಮೂಲಕ ಓದಿ, ಬೇಕಾದ್ದನ್ನು ತಾವೇ ಮಾಡಿ ಕೊಡುತ್ತವೆ. ರಿಫ್ಲೆಕ್ಷನ್ ಅಂದರೆ ಕೋಡ್ ತನ್ನನ್ನು ತಾನೇ ಓದಿಕೊಳ್ಳುವ ಸೌಲಭ್ಯ.

ಕಂಟೇನರ್ ಅನ್ನೇ ಸಾಲ ಸೇವೆಯ ಒಳಗೆ ಕಳಿಸಿ, ಅಲ್ಲಿಂದ ಬೇಕಾದ್ದು ತೆಗೆದುಕೊಳ್ಳುವ ತಪ್ಪು ಮಾತ್ರ ಮಾಡಬೇಡಿ. ಆಗ ಆ ಕ್ಲಾಸ್‌ಗೆ ಏನೇನು ಬೇಕು ಅಂತ ಕನ್‌ಸ್ಟ್ರಕ್ಟರ್ ನೋಡಿ ಹೇಳಲು ಆಗುವುದಿಲ್ಲ.

ಈಗ ಆಯಸ್ಸಿನ ವಿಷಯ. ಸಾಮಾನ್ಯ ಪಿಎಚ್‌ಪಿಯಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಎಲ್ಲ ಆಬ್ಜೆಕ್ಟ್‌ಗಳು ಹೊಸದಾಗಿ ಹುಟ್ಟುತ್ತವೆ, ಉತ್ತರ ಹೋದ ಮೇಲೆ ಎಲ್ಲವೂ ಸಾಯುತ್ತವೆ. ಜಾವಾ, ಸಿ ಶಾರ್ಪ್, ನೋಡ್‌ಗಳಲ್ಲಿ ಹಾಗಿಲ್ಲ, ಪ್ರೋಗ್ರಾಂ ಒಮ್ಮೆ ಶುರುವಾದರೆ ಓಡುತ್ತಲೇ ಇರುತ್ತದೆ. ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ನೀವು ಬೇರೆ ಏನೂ ಹೇಳದಿದ್ದರೆ ಒಂದು ಸರ್ವೀಸ್‌ಗೆ ಒಂದೇ ಆಬ್ಜೆಕ್ಟ್, ಎಲ್ಲ ರಿಕ್ವೆಸ್ಟ್‌ಗಳಿಗೂ ಅದೇ. ಅದರ ಒಂದು ಫೀಲ್ಡ್‌ನಲ್ಲಿ 'ಈಗ ಲಾಗಿನ್ ಆಗಿರುವ ಸದಸ್ಯ' ಅಂತ ಇಟ್ಟರೆ, ಒಬ್ಬರ ಪುಸ್ತಕದ ಪಟ್ಟಿ ಇನ್ನೊಬ್ಬರಿಗೆ ಕಾಣಬಹುದು. ನಿಮ್ಮ ಕಂಪ್ಯೂಟರ್‌ನಲ್ಲಿ ನೀವೊಬ್ಬರೇ ಬಳಸುವಾಗ ಈ ತಪ್ಪು ಕಾಣುವುದೇ ಇಲ್ಲ.

'ನಾನು ಪಿಎಚ್‌ಪಿ, ನನಗೇನು' ಅನ್ನಬೇಡಿ. ಸ್ವೂಲ್, ರೋಡ್‌ರನ್ನರ್, ಲಾರಾವೆಲ್ ಆಕ್ಟೇನ್ ಬಳಸಿದರೆ ಪಿಎಚ್‌ಪಿ ಕೂಡ ಹೀಗೆ ಓಡುತ್ತಲೇ ಇರುತ್ತದೆ. ಅದಕ್ಕೇ ಈ ಅಭ್ಯಾಸ ಈಗಲೇ ಮಾಡಿಕೊಳ್ಳಿ: ಸರ್ವೀಸ್ ಆಬ್ಜೆಕ್ಟ್‌ನಲ್ಲಿ ಯಾವ ರಿಕ್ವೆಸ್ಟ್‌ಗೂ ಸೇರಿದ ಮಾಹಿತಿ ಇಡಬೇಡಿ. ಸದಸ್ಯ ಯಾರು ಅನ್ನುವುದು ಮೆಥಡ್‌ಗೆ ಕೊಡುವ ಬೆಲೆಯಾಗಿ ಬರಲಿ. ಸ್ಟ್ಯಾಟಿಕ್ ಪ್ರಾಪರ್ಟಿಗಳಿಂದ ದೂರ ಇರಿ. ಸಿ ಶಾರ್ಪ್ ಬಳಸುವವರಿಗೆ ಇನ್ನೊಂದು ಮಾತು: ಸದಾ ಬದುಕುವ ಸಿಂಗಲ್‌ಟನ್ ಒಳಗೆ, ಒಂದು ರಿಕ್ವೆಸ್ಟ್‌ಗೆ ಮಾತ್ರ ಬದುಕಬೇಕಾದ ಸ್ಕೋಪ್ಡ್ ಆಬ್ಜೆಕ್ಟ್ ಸಿಕ್ಕಿಕೊಂಡರೆ ಅದೂ ಸಾಯದೆ ಉಳಿದುಬಿಡುತ್ತದೆ.

7. ಡೇಟಾಬೇಸ್ ಹತ್ತಿರ ಬಂದಾಗ

ಆಬ್ಜೆಕ್ಟ್ ಮತ್ತು ಟೇಬಲ್ ನಡುವೆ ಅನುವಾದ ಮಾಡುವ ಸಾಧನಕ್ಕೆ ಓಆರ್‌ಎಂ ಅನ್ನುತ್ತಾರೆ. ಎರಡು ಬಗೆ ಇವೆ. ಲಾರಾವೆಲ್‌ನ ಎಲೋಕ್ವೆಂಟ್ ಆ್ಯಕ್ಟಿವ್ ರೆಕಾರ್ಡ್ ಬಗೆಯದು, ಅಂದರೆ ಆಬ್ಜೆಕ್ಟ್‌ಗೆ ತನ್ನನ್ನು ತಾನೇ ಉಳಿಸಿಕೊಳ್ಳಲು ಗೊತ್ತು. ಡಾಕ್ಟ್ರಿನ್ ಡೇಟಾ ಮ್ಯಾಪರ್ ಬಗೆಯದು, ಇಲ್ಲಿ ಆಬ್ಜೆಕ್ಟ್‌ಗೆ ಡೇಟಾಬೇಸ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಮೊದಲನೆಯದರಲ್ಲಿ ಕೆಲಸ ಬೇಗ ಸಾಗುತ್ತದೆ. ನಿಯಮಗಳು ಜಾಸ್ತಿ ಇರುವ ಆ್ಯಪ್‌ಗೆ ನಾನು ಎರಡನೆಯದನ್ನು ಆರಿಸುತ್ತೇನೆ. ಕಲಿಯುವವರು ಎರಡನ್ನೂ ಒಮ್ಮೆ ಬಳಸಿ ನೋಡಬೇಕು.

ಇಲ್ಲಿ ಬೀಳುವ ಗುಂಡಿಗಳು ಮೂರು.

ಮೊದಲನೆಯದು, ಲೂಪ್ ಒಳಗಿನ ಕ್ವೆರಿ. 100 ಸದಸ್ಯರನ್ನು ತಂದು, ಪ್ರತಿಯೊಬ್ಬರ ಪುಸ್ತಕಗಳನ್ನು ಲೂಪ್‌ನಲ್ಲಿ ಕೇಳಿದರೆ ಒಟ್ಟು 101 ಕ್ವೆರಿ ಹೋಗುತ್ತವೆ. ಕೋಡ್ ನೋಡಲು ಸುಂದರ, ಪೇಜ್ ಮಾತ್ರ ತೆವಳುತ್ತದೆ. ಕ್ವೆರಿ ಲಾಗ್ ತೆರೆದಿಟ್ಟುಕೊಂಡೇ ಕೆಲಸ ಮಾಡಿ. ಸಂಬಂಧಪಟ್ಟ ಮಾಹಿತಿಯನ್ನು ಮೊದಲೇ ಒಟ್ಟಿಗೆ ತರುವ ಈಗರ್ ಲೋಡಿಂಗ್ ಕಲಿಯಿರಿ.

ಎರಡನೆಯದು, ಒಂದೇ ಪ್ರತಿಗೆ ಇಬ್ಬರು. ಪುಸ್ತಕದ ಕೊನೆಯ ಒಂದು ಪ್ರತಿ ಉಳಿದಿದೆ. ಇಬ್ಬರು ಸದಸ್ಯರು ಒಂದೇ ಕ್ಷಣದಲ್ಲಿ ಬಟನ್ ಒತ್ತುತ್ತಾರೆ. ಎರಡು ರಿಕ್ವೆಸ್ಟ್, ಎರಡು ಪುಸ್ತಕ ಆಬ್ಜೆಕ್ಟ್. ಎರಡರಲ್ಲೂ 'ಉಳಿದ ಪ್ರತಿ 1' ಅಂತಲೇ ಇದೆ. ಎರಡೂ ನಿಯಮ ಪರೀಕ್ಷಿಸುತ್ತವೆ, ಎರಡೂ ಪಾಸು. ನಿಮ್ಮ ಪ್ರೈವೇಟ್ ಪ್ರಾಪರ್ಟಿ, ಅಚ್ಚುಕಟ್ಟಾದ ಮೆಥಡ್, ಯಾವುದೂ ಇದನ್ನು ತಡೆಯುವುದಿಲ್ಲ, ಯಾಕೆಂದರೆ ಆಬ್ಜೆಕ್ಟ್‌ನ ಗೋಡೆ ಆ ಒಂದು ರಿಕ್ವೆಸ್ಟ್‌ನ ಒಳಗೆ ಮಾತ್ರ ಇರುವುದು. ಇದನ್ನು ಡೇಟಾಬೇಸ್‌ನಲ್ಲೇ ತಡೆಯಬೇಕು. 'ಉಳಿದ ಪ್ರತಿ 0ಗಿಂತ ಜಾಸ್ತಿ ಇದ್ದರೆ ಮಾತ್ರ 1 ಕಳೆ' ಅಂತ ಒಂದೇ ಅಪ್‌ಡೇಟ್ ಬರೆದು, ಎಷ್ಟು ಸಾಲು ಬದಲಾಯಿತು ಅಂತ ನೋಡುವುದು ಒಂದು ದಾರಿ. ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಬದಲಾವಣೆಗಳ ಗುಂಪು) ಒಳಗೆ ಆ ಸಾಲಿಗೆ ಬೀಗ ಹಾಕುವುದು ಇನ್ನೊಂದು. ವರ್ಷನ್ ನಂಬರ್ ಇಟ್ಟು, ಅದು ಬದಲಾಗಿದ್ದರೆ ಉಳಿಸಲು ಒಪ್ಪದಿರುವುದು ಮೂರನೆಯದು. ಮೊದಲನೆಯದರಿಂದ ಶುರು ಮಾಡಿ.

ಮೂರನೆಯದು, ಟ್ರಾನ್ಸಾಕ್ಷನ್ ಒಳಗಿನ ಮೇಲ್. ಮೇಲ್ ಹೋಯಿತು, ಆಮೇಲೆ ಯಾವುದೋ ಎರರ್ ಬಂದು ಡೇಟಾಬೇಸ್ ಬದಲಾವಣೆಗಳೆಲ್ಲ ವಾಪಸ್ ಆದವು. ಸದಸ್ಯರ ಕೈಯಲ್ಲಿ 'ಪುಸ್ತಕ ಕೊಡಲಾಗಿದೆ' ಎಂಬ ಮೇಲ್ ಇದೆ, ದಾಖಲೆಯಲ್ಲಿ ಏನೂ ಇಲ್ಲ. ಮೇಲ್ ಯಾವಾಗಲೂ ಕಮಿಟ್ ಆದ ಮೇಲೆ, ಅಂದರೆ ಬದಲಾವಣೆ ಡೇಟಾಬೇಸ್‌ನಲ್ಲಿ ಖಾಯಂ ಆದ ಮೇಲೆ ಹೋಗಲಿ.

8. ಮಿಡಲ್‌ವೇರ್ ಬರೆದು, ಫ್ರೇಮ್‌ವರ್ಕ್ ಓದಿ

ರಿಕ್ವೆಸ್ಟ್ ಒಳಗೆ ಬರುವ, ಉತ್ತರ ಹೊರಗೆ ಹೋಗುವ ದಾರಿಯಲ್ಲಿ ಪದರ ಪದರವಾಗಿ ಕೂರುವ ಕೋಡ್ ಮಿಡಲ್‌ವೇರ್. ಪಿಎಸ್‌ಆರ್ 15ರಲ್ಲಿ ಅದಕ್ಕೆ 'ಪ್ರೊಸೆಸ್' ಎಂಬ ಒಂದೇ ಮೆಥಡ್. ರಿಕ್ವೆಸ್ಟ್ ಮತ್ತು ಮುಂದಿನ ಹ್ಯಾಂಡ್ಲರ್ ಎರಡನ್ನೂ ಅದು ಪಡೆಯುತ್ತದೆ. ಸರಿಯಾಗಿ ನೋಡಿದರೆ ಇದು 5ನೇ ಹಂತದ ಡೆಕೊರೇಟರ್‌ನ ಅಣ್ಣ. ಲಾಗಿನ್ ಪರೀಕ್ಷೆ, ಲಾಗ್, ಎರರ್ ಹಿಡಿಯುವುದು, ಇವೆಲ್ಲ ಬೇಸ್ ಕಂಟ್ರೋಲರ್‌ನಿಂದ ಇಲ್ಲಿಗೆ ಬರಲಿ.

ಪಿಎಸ್‌ಆರ್ 7ರ ರಿಕ್ವೆಸ್ಟ್ ಮತ್ತು ರೆಸ್ಪಾನ್ಸ್‌ಗಳು ಇಮ್ಯೂಟಬಲ್. 'ವಿತ್ ಹೆಡರ್' ಕರೆದು ಅದು ಕೊಟ್ಟ ಹೊಸ ಆಬ್ಜೆಕ್ಟ್ ಹಿಡಿದುಕೊಳ್ಳದಿದ್ದರೆ ಹೆಡರ್ ಸೇರುವುದೇ ಇಲ್ಲ. 2ನೇ ಹಂತದಲ್ಲಿ ತಾರೀಖಿನ ಹತ್ತಿರ ಕಲಿತದ್ದು ಇಲ್ಲಿ ಕೈ ಹಿಡಿಯುತ್ತದೆ.

ಈಗ ಫ್ರೇಮ್‌ವರ್ಕ್ ತೆರೆಯಿರಿ. ಪಬ್ಲಿಕ್ ಫೋಲ್ಡರ್‌ನ ಇಂಡೆಕ್ಸ್ ಫೈಲ್‌ನ ಮೊದಲ ಸಾಲಿನಲ್ಲಿ ಎಕ್ಸ್‌ಡೀಬಗ್ ನಿಲ್ಲಿಸಿ, ಒಂದು ರಿಕ್ವೆಸ್ಟ್ ಕಳಿಸಿ, ನಿಮ್ಮ ಕಂಟ್ರೋಲರ್ ಮುಟ್ಟುವ ತನಕ ಹೆಜ್ಜೆ ಹೆಜ್ಜೆಯಾಗಿ ಒಳಗೆ ಹೋಗಿ. ಕಂಟೇನರ್ ಸಿಗುತ್ತದೆ, ಮಿಡಲ್‌ವೇರ್ ಸರಪಳಿ ಸಿಗುತ್ತದೆ, ಯಾವ ವಿಳಾಸಕ್ಕೆ ಯಾವ ಕಂಟ್ರೋಲರ್ ಅಂತ ಆರಿಸುವ ರೂಟರ್ ಸಿಗುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ನೀವೇ ಒಮ್ಮೆ ಬರೆದಿರುತ್ತೀರಿ.

ಪ್ಯಾಟರ್ನ್‌ಗಳನ್ನು ಬಾಯಿಪಾಠ ಮಾಡಬೇಕಾ ಅಂತಲೂ ಕೇಳುತ್ತೀರಿ. ಬೇಡ. 1994ರಲ್ಲಿ 23 ಪ್ಯಾಟರ್ನ್‌ಗಳ ಪಟ್ಟಿ ಪುಸ್ತಕವಾಗಿ ಬಂತು, ಆಮೇಲೆ ಇನ್ನೂ ಎಷ್ಟೋ ಸೇರಿದವು. ಸ್ಟ್ರಾಟಜಿ, ಡೆಕೊರೇಟರ್, ಅಡಾಪ್ಟರ್, ಫ್ಯಾಕ್ಟರಿ, ಅಬ್ಸರ್ವರ್ ಇಷ್ಟು ಗುರುತು ಹಿಡಿಯಲು ಬಂದರೆ ಸದ್ಯಕ್ಕೆ ಸಾಕು.

9. ಭದ್ರತೆಯ ಎರಡು ಬಾಗಿಲು

ಹೊರಗಿನಿಂದ ಬಂದ ಮಾಹಿತಿಗೆ ಅನ್‌ಸೀರಿಯಲೈಸ್ ಫಂಕ್ಷನ್ ಬಳಸಲೇಬೇಡಿ. ಅದು ಆಬ್ಜೆಕ್ಟ್‌ಗಳನ್ನು ಹುಟ್ಟಿಸುತ್ತದೆ. ಹುಟ್ಟುವಾಗ, ಸಾಯುವಾಗ ತಾವಾಗಿಯೇ ಓಡುವ ಮ್ಯಾಜಿಕ್ ಮೆಥಡ್‌ಗಳನ್ನು ಬಳಸಿಕೊಂಡು ದಾಳಿ ಮಾಡಬಹುದು. ಜೇಸನ್ ಬಳಸಿ. ಹಾಗೆಯೇ ಫಾರಂನಿಂದ ಬಂದ ಅರೇಯನ್ನು ಹಾಗೇ ಆಬ್ಜೆಕ್ಟ್‌ಗೆ ಸುರಿಯಬೇಡಿ. ಯಾರೋ ಒಬ್ಬರು 'ಅಡ್ಮಿನ್' ಎಂಬ ಫೀಲ್ಡ್ ಸೇರಿಸಿ ಕಳಿಸಿದರೆ ಅದೂ ಒಳಗೆ ಹೋಗುತ್ತದೆ. ಯಾವ ಫೀಲ್ಡ್ ಬೇಕೋ ಅದನ್ನು ಹೆಸರಿಟ್ಟು ತೆಗೆದುಕೊಳ್ಳಿ.

10. ಕೊನೆಗೆ, ಬದಲಾವಣೆ ಕೇಳಿ ನೋಡಿ

ಪಿಎಚ್‌ಪಿ ಸ್ಟ್ಯಾನ್ ಅನ್ನು 0ನೇ ಲೆವೆಲ್‌ನಿಂದ ಶುರು ಮಾಡಿ ಒಂದೊಂದೇ ಏರಿಸುತ್ತಾ ಬಂದಿದ್ದರೆ ಈ ಹೊತ್ತಿಗೆ ನಿಮ್ಮ ಆ್ಯಪ್ ಸಾಕಷ್ಟು ಗಟ್ಟಿಯಾಗಿರುತ್ತದೆ. ಈಗ ಅದಕ್ಕೆ ಮೂರು ಹೊಸ ಬೇಡಿಕೆ ತನ್ನಿ. ಪುಸ್ತಕ ಕಾಯ್ದಿರಿಸುವ ಸೌಲಭ್ಯ. ಮೇಲ್ ಜೊತೆಗೆ ಎಸ್‌ಎಂಎಸ್. ವಿದ್ಯಾರ್ಥಿಗಳಿಗೆ 14ರ ಬದಲು 21 ದಿನದ ಗಡುವು.

ಪ್ರತಿಯೊಂದಕ್ಕೂ ಹಳೆಯ ಫೈಲ್‌ಗಳಲ್ಲಿ ಎಷ್ಟನ್ನು ತಿದ್ದಬೇಕಾಯಿತು ಅಂತ ಗಿಟ್‌ನಲ್ಲಿ ಎಣಿಸಿ ಬರೆದಿಡಿ. ಎಸ್‌ಎಂಎಸ್‌ಗೆ ಒಂದು ಹೊಸ ಕ್ಲಾಸ್, ಕಂಟೇನರ್‌ನಲ್ಲಿ ಒಂದೆರಡು ಸಾಲು, ಇಷ್ಟರಲ್ಲೇ ಮುಗಿದರೆ 4ನೇ ಹಂತ ನಿಮಗೆ ಒಗ್ಗಿದೆ. 21 ದಿನದ ಗಡುವಿಗಾಗಿ ಆರೇಳು ಕಡೆ ಇಫ್ ಸೇರಿಸಬೇಕಾಗಿ ಬಂದರೆ ಗಡುವಿನ ನಿಯಮ ಇನ್ನೂ ಚೆಲ್ಲಾಪಿಲ್ಲಿಯಾಗಿದೆ ಅಂತ ಅರ್ಥ. 3ನೇ ಹಂತಕ್ಕೆ ಹೋಗಿ ಅದನ್ನು ಒಂದು ಕಡೆ ಸೇರಿಸಿ, ಆಮೇಲೆ ಮತ್ತೆ ಎಣಿಸಿ.